ಬ್ಯಾಟ್ ಇದ್ದವನೇ ಕ್ಯಾಪ್ಟನ್ ಆಗಬಾರದು

ಬಾಪೂಜಿ ನಗರದ ನಮ್ಮ ಅಡ್ಡರಸ್ತೆಯಲ್ಲಿ ನಾವು ಚಿಕ್ಕವರಿದ್ದಾಗ ಕ್ರಿಕೆಟ್‌ಗೆ ಒಂದೇ ಒಂದು ಕಾನೂನು ಇತ್ತು. ಬ್ಯಾಟ್ ಯಾರದ್ದೋ ಅವನೇ ಕ್ಯಾಪ್ಟನ್. ಮೊದಲ ಬ್ಯಾಟಿಂಗ್ ಅವನದ್ದೇ. ಮೊದಲ ಬಾಲ್‌ಗೆ ಬೌಲ್ಡ್ ಆದರೆ ಅದು ‘ಟ್ರಯಲ್ ಬಾಲ್’. ಕ್ಯಾಚ್ ಹಿಡಿದರೆ ‘ಗೋಡೆಗೆ ತಾಗಿತ್ತು’. ಜಗಳ ಜೋರಾದರೆ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಟೇಬಿಡುತ್ತಿದ್ದ. ಅಲ್ಲಿಗೆ ಆಟ ಮುಗಿಯಿತು. ನಮ್ಮಲ್ಲಿ ಒಬ್ಬ ಅದ್ಭುತವಾಗಿ ಬಾಲ್ ತಿರುಗಿಸುತ್ತಿದ್ದ. ಅವನ ಬಳಿ ಬ್ಯಾಟ್ ಇರಲಿಲ್ಲ. ಹಾಗಾಗಿ ಅವನು ವರ್ಷಗಟ್ಟಲೆ ಮೋರಿ ಪಕ್ಕ ನಿಂತು ಫೀಲ್ಡಿಂಗ್ ಮಾಡಿದ.

ಇದು ನೆನಪಾಗಲು ಕಾರಣವಿದೆ. ಹೋದ ತಿಂಗಳು ಪಕ್ಕದ ಮನೆಯ ಅಕ್ಕ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗನಿಗೆ ಹದಿಮೂರು ವರ್ಷ, ಎಡಗೈ ಬೌಲರ್. ‘ಇವನಿಗೆ ಆಟದ ಹುಚ್ಚು ಹಿಡಿದಿದೆ ಕಣಪ್ಪ. ಕೋಚಿಂಗ್ ಕ್ಯಾಂಪ್‌ಗೆ ಸೇರಿಸು ಅಂತ ದಿನಾ ಗಲಾಟೆ. ದುಡ್ಡು ಹೆಂಗೋ ಹೊಂದಿಸ್ತೀನಿ. ನೀನು ಡಿಗ್ರಿ ಓದಿದೀಯ, ನೀನೇ ಹೇಳು. ನಮ್ಮಂಥವರ ಮಕ್ಕಳನ್ನ ಅಲ್ಲಿ ಲೆಕ್ಕಕ್ಕೆ ತಗೋತಾರಾ?’

ನಾನು ಬಿ.ಕಾಂ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವನು. ಭಾನುವಾರ ಅಕ್ಕಪಕ್ಕದ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಸ್ಕೋರ್ ಬರೆಯುತ್ತೇನೆ. ಆ ಕ್ಷಣಕ್ಕೆ ‘ನೋಡೋಣ ಅಕ್ಕ’ ಎಂದು ಜಾರಿಕೊಂಡೆ. ಆದರೆ ಪ್ರಶ್ನೆ ಜಾರಲಿಲ್ಲ. ಅವರು ಕೇಳಿದ್ದು ಯಾವುದೋ ಒಂದು ಕ್ಯಾಂಪ್ ಬಗ್ಗೆ ಆಗಿರಲಿಲ್ಲ. ನಮ್ಮ ರಾಜ್ಯದಲ್ಲಿ ಕ್ರಿಕೆಟ್ ನಡೆಸುವವರು ಯಾರ ಪರವಾಗಿ ನಡೆಸುತ್ತಾರೆ ಎಂಬುದೇ ಅವರ ಪ್ರಶ್ನೆ. ಈ ಬರಹ ಅದಕ್ಕೆ ನಾನು ಹುಡುಕಿಕೊಂಡ ಉತ್ತರ.

ಒಂದೇ ದಿನದಲ್ಲಿ ಸೋತವರು

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ, ಅಂದರೆ ಕೆಎಸ್‌ಸಿಎ, ಹುಟ್ಟಿದ್ದು 1933ರಲ್ಲಿ. ಆಗ ಅದರ ಹೆಸರು ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ. ಮರುವರ್ಷ ರಣಜಿ ಟೂರ್ನಿ ಶುರುವಾಯಿತು. ಆ ಟೂರ್ನಿಯ ಮೊಟ್ಟಮೊದಲ ಪಂದ್ಯ ಆಡಿದ್ದು ನಮ್ಮವರೇ. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ ಮದ್ರಾಸ್ ವಿರುದ್ಧ ಮೈಸೂರು ಕಣಕ್ಕಿಳಿಯಿತು. ಪಂದ್ಯ ಅದೇ ದಿನ ಮುಗಿಯಿತು. ನಾವು ಇನಿಂಗ್ಸ್ ಸೋಲು ಕಂಡೆವು.

ಅಲ್ಲಿಂದ ನಲವತ್ತು ವರ್ಷ ಮುಂದೆ ಬನ್ನಿ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲ್. ಎದುರಾಳಿ ಬಾಂಬೆ. ಅದು 1958-59ರಿಂದ ಸತತ ಹದಿನೈದು ಸಲ ಪ್ರಶಸ್ತಿ ಗೆದ್ದಿದ್ದ ತಂಡ. ನಮ್ಮ ನಾಯಕ ಎರಪಳ್ಳಿ ಪ್ರಸನ್ನ. ಗುಂಡಪ್ಪ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಬಾಂಬೆಯ ಓಟ ನಿಂತಿತು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಎತ್ತಿತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದು ಆಗಿನ್ನೂ ಕೆಲವು ತಿಂಗಳಾಗಿತ್ತು ಅಷ್ಟೆ. ಆಮೇಲೆ 2014-15ರವರೆಗೆ ಇನ್ನೂ ಏಳು ಸಲ ಅದೇ ಟ್ರೋಫಿ ನಮ್ಮ ಮನೆಗೆ ಬಂದಿದೆ.

ಒಂದು ದಿನದಲ್ಲಿ ಸೋತ ತಂಡ ಚಾಂಪಿಯನ್ ಆಗಲು ನಲವತ್ತು ವರ್ಷ ಹಿಡಿಯಿತು. ಆ ನಲವತ್ತು ವರ್ಷ ಯಾರೋ ಶಾಲಾ ಟೂರ್ನಿ ನಡೆಸಿದರು, ಯಾರೋ ಮ್ಯಾಟ್ ಹಾಸಿದರು, ಯಾರೋ ಲೀಗ್ ವೇಳಾಪಟ್ಟಿ ಬರೆದರು. ಮಂಡ್ಯದ ಕಡೆಯ ವಕೀಲ ಎಂ. ಚಿನ್ನಸ್ವಾಮಿ ಅವರು ಸುಮಾರು ನಾಲ್ಕು ದಶಕ ಈ ಸಂಸ್ಥೆಗೆ ದುಡಿದರು. 1970ರಲ್ಲಿ ಕ್ರೀಡಾಂಗಣದ ಕೆಲಸ ಶುರುವಾಗಿ, 1974ರ ನವೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಅದೇ ಪಂದ್ಯದಲ್ಲಿ. ಆ ಮೈದಾನಕ್ಕೆ ಆಮೇಲೆ ಚಿನ್ನಸ್ವಾಮಿಯವರ ಹೆಸರನ್ನೇ ಇಟ್ಟರು. ನಮ್ಮಲ್ಲಿ ಕ್ರೀಡಾಂಗಣಗಳಿಗೆ ಆಟಗಾರರ ಇಲ್ಲವೇ ರಾಜಕಾರಣಿಗಳ ಹೆಸರು ಇಡುವುದೇ ಹೆಚ್ಚು. ಒಬ್ಬ ಆಡಳಿತಗಾರನ ಹೆಸರು ಉಳಿದಿದೆ ಎಂದರೆ, ಆಡಳಿತವೂ ಆಟದಷ್ಟೇ ದೊಡ್ಡ ಕೆಲಸ ಎಂದು ಈ ಊರು ಒಪ್ಪಿಕೊಂಡಿತ್ತು ಎಂದೇ ಅರ್ಥ.

ಏಣಿಯ ಮೊದಲ ಮೆಟ್ಟಿಲು

ಟಿ.ವಿ.ಯಲ್ಲಿ ನಮಗೆ ಕಾಣುವುದು ಐಪಿಎಲ್ ರಾತ್ರಿಗಳು. ಅಲ್ಲಿ ಆಡುವ ಆರ್‌ಸಿಬಿ ಒಂದು ಖಾಸಗಿ ಫ್ರಾಂಚೈಸ್. ಕೆಎಸ್‌ಸಿಎ ಬೇರೆ. ಈ ವ್ಯತ್ಯಾಸ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ರಾಜ್ಯ ಸಂಸ್ಥೆಯ ನಿಜವಾದ ಕೆಲಸ ಏಣಿ ನಿಲ್ಲಿಸುವುದು. ಕೆಳಗೆ ಶಾಲಾ ಟೂರ್ನಿಗಳು. ಅದರ ಮೇಲೆ ಕ್ಲಬ್‌ಗಳ ಲೀಗ್, ಮೊದಲ ಡಿವಿಷನ್‌ನಿಂದ ಕೆಳಗಿನ ಡಿವಿಷನ್‌ಗಳವರೆಗೆ. ಬೆಂಗಳೂರಿನ ಆಚೆ ಮೈಸೂರು, ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರು, ರಾಯಚೂರು ವಲಯಗಳು. ಅಲ್ಲಿಂದ ಆಯ್ಕೆಯಾದ ಹುಡುಗರಿಗೆ ಹದಿನಾರು ವರ್ಷದೊಳಗಿನ ವಿಜಯ್ ಮರ್ಚೆಂಟ್ ಟ್ರೋಫಿ, ಹತ್ತೊಂಬತ್ತರೊಳಗಿನ ಕೂಚ್ ಬೆಹಾರ್ ಟ್ರೋಫಿ, ಇಪ್ಪತ್ತಮೂರರೊಳಗಿನ ಸಿ.ಕೆ. ನಾಯ್ಡು ಟ್ರೋಫಿ. ಕೊನೆಗೆ ರಣಜಿ.

ಈ ಏಣಿಯ ತುದಿಯಲ್ಲಿ ನಿಂತವರನ್ನು ನಾವು ಕೊಂಡಾಡುತ್ತೇವೆ. ಆದರೆ ಏಣಿ ಗಟ್ಟಿಯಿದೆಯೇ ಎಂದು ಗೊತ್ತಾಗುವುದು ಮೊದಲ ಮೆಟ್ಟಿಲಿನಲ್ಲಿ. ಸುನಿಲ್ ಜೋಶಿ ಅವರ ಕಥೆ ಕೇಳಿರಬಹುದು. ಗದಗದ ಹುಡುಗ. ಅಭ್ಯಾಸಕ್ಕೆ ಬೆಳಗ್ಗೆ ರೈಲು ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದರು, ಅಭ್ಯಾಸ ಮುಗಿಸಿ ಶಾಲೆಯ ಹೊತ್ತಿಗೆ ಮತ್ತೆ ಗದಗಕ್ಕೆ. ಮುಂದೆ ಭಾರತದ ಪರ ಟೆಸ್ಟ್ ಆಡಿದರು. ನಾವು ಈ ಕಥೆಯನ್ನು ಛಲದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಅದು ಸರಿಯೇ. ಇನ್ನೊಂದು ಕಡೆಯಿಂದಲೂ ನೋಡಿ. ಗದಗದಲ್ಲೇ ಒಂದು ಒಳ್ಳೆಯ ಪಿಚ್ ಇದ್ದಿದ್ದರೆ ಆ ಹುಡುಗ ರೈಲು ಹತ್ತಬೇಕಿರಲಿಲ್ಲ. ಅದೇ ರೈಲಿನ ಚೀಟಿಗೆ ದುಡ್ಡಿಲ್ಲದೆ ಮನೆಯಲ್ಲೇ ಉಳಿದವರು ಎಷ್ಟು ಜನ? ಅವರ ಹೆಸರು ನಮಗೆ ಯಾರೂ ಹೇಳುವುದಿಲ್ಲ.

ಭದ್ರಾವತಿಯಿಂದ ವಿಶ್ವನಾಥ್ ಬಂದರು, ದಾವಣಗೆರೆಯಿಂದ ವಿನಯ್ ಕುಮಾರ್ ಬಂದರು. 2013-14 ಮತ್ತು 2014-15ರಲ್ಲಿ ಸತತ ಎರಡು ವರ್ಷ ರಣಜಿ ಗೆದ್ದ ತಂಡದ ನಾಯಕ ಈ ದಾವಣಗೆರೆಯವರೇ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಮೈಸೂರಿನಲ್ಲಿ ಈಗ ಸಂಸ್ಥೆಯ ಮೈದಾನಗಳಿವೆ. ಬೆಂಗಳೂರಿನ ಹೊರಗೆ ಆಲೂರಿನಲ್ಲೂ ಇವೆ. ಇದು ಸಂಸ್ಥೆ ಮಾಡಿದ ಒಳ್ಳೆಯ ಕೆಲಸ, ಒಪ್ಪಬೇಕು. ಆದರೆ ನಮ್ಮ ಬಾಪೂಜಿ ನಗರದಂಥ ಬಡಾವಣೆಯಲ್ಲಿ ನಿಂತು ನೋಡಿದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಇಲ್ಲಿ ದೂರ ಸಮಸ್ಯೆಯಲ್ಲ. ದೀಪಾಂಜಲಿ ನಗರದಲ್ಲಿ ಮೆಟ್ರೊ ಹತ್ತಿದರೆ ಬದಲಿಸದೆ ಕಬ್ಬನ್ ಪಾರ್ಕ್‌ಗೆ ಹೋಗಿ ಇಳಿಯಬಹುದು, ಕ್ರೀಡಾಂಗಣ ಅಲ್ಲೇ ಪಕ್ಕದಲ್ಲಿ. ಆದರೆ ಮೈಸೂರು ರಸ್ತೆಯ ಈ ಬದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಹುಡುಗರಿಗೆ ಆಡಲು ಉಳಿದಿರುವುದು ರಸ್ತೆ ಮತ್ತು ನಿಂತ ಗಾಡಿಗಳ ನಡುವಿನ ಜಾಗ. ಲೆದರ್ ಬಾಲ್ ಆಡಬೇಕೆಂದರೆ ದುಡ್ಡು ಕೊಟ್ಟು ನೆಟ್ಸ್‌ಗೆ ಹೋಗಬೇಕು. ಒಂದು ಒಳ್ಳೆಯ ಬ್ಯಾಟ್‌ಗೆ ಮನೆ ಬಾಡಿಗೆಯಷ್ಟು ಖರ್ಚು. ಪ್ಯಾಡು, ಗ್ಲೌಸು, ಶೂ, ಬಿಳಿ ಬಟ್ಟೆ ಬೇರೆ. ನಮ್ಮ ಗಲ್ಲಿಯ ಹಳೆಯ ಕಾನೂನೇ ಇಲ್ಲಿ ದೊಡ್ಡ ರೂಪದಲ್ಲಿ ಎದುರಿಗೆ ಬರುತ್ತದೆ. ಬ್ಯಾಟ್ ಇದ್ದವನಿಗೆ ಮೊದಲ ಚಾನ್ಸ್.

ಆಡಳಿತ ಸಂಸ್ಥೆ ಎಂಬುದು ಇರಬೇಕಾದದ್ದೇ ಈ ಕಾನೂನನ್ನು ಮುರಿಯುವುದಕ್ಕೆ. ಬ್ಯಾಟ್ ಯಾರದ್ದೇ ಇರಲಿ, ಬಾಲ್ ತಿರುಗಿಸುವವನಿಗೆ ಓವರ್ ಸಿಗಬೇಕು. ಅಷ್ಟೇ ಅದರ ಧರ್ಮ. ಉಳಿದದ್ದೆಲ್ಲ ಆಮೇಲಿನ ಮಾತು.

ಇದು ಯಾರ ಸ್ವಂತ ಆಸ್ತಿ?

‘ಅದು ಖಾಸಗಿ ಸಂಸ್ಥೆ, ಅವರಿಷ್ಟ, ನಾವು ಕೇಳೋಕಾಗುತ್ತಾ?’ ಎಂದು ನನ್ನ ಗೆಳೆಯನೊಬ್ಬ ವಾದ ಮಾಡಿದ. ಪರೀಕ್ಷೆಗೆ ಓದುವ ನಮಗೆಲ್ಲ ಈ ವಿಷಯ ಗೊತ್ತಿರಬೇಕು. 2005ರಲ್ಲಿ ಜೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಸಿಸಿಐ ಸಂವಿಧಾನದ 12ನೇ ವಿಧಿಯ ಪ್ರಕಾರ ‘ರಾಜ್ಯ’ ಅಲ್ಲ ಎಂದು ಹೇಳಿತು. ಹಾಗೆಂದು ಅದು ಹೇಗೆ ಬೇಕಾದರೂ ನಡೆದುಕೊಳ್ಳಬಹುದು ಎಂದಲ್ಲ. 2015ರ ಜನವರಿಯಲ್ಲಿ ಬಿಹಾರ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕ್ರಿಕೆಟ್ ಮಂಡಳಿ ಮಾಡುತ್ತಿರುವುದು ಸಾರ್ವಜನಿಕ ಕೆಲಸ, ಆದ್ದರಿಂದ 226ನೇ ವಿಧಿಯಡಿ ಹೈಕೋರ್ಟ್‌ನಲ್ಲಿ ಅದನ್ನು ಪ್ರಶ್ನಿಸಬಹುದು ಎಂದು ಸ್ಪಷ್ಟಪಡಿಸಿತು. ದೇಶದ ಹೆಸರಿನಲ್ಲಿ ತಂಡ ಕಳಿಸುವವರು, ರಾಜ್ಯದ ಹೆಸರಿನಲ್ಲಿ ತಂಡ ಆರಿಸುವವರು ತಮ್ಮ ಸ್ವಂತ ಅಂಗಡಿ ನಡೆಸುತ್ತಿಲ್ಲ ಎಂಬುದೇ ಇದರ ಸಾರ.

ಅದರ ಬೆನ್ನಿಗೇ ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿ ಬಂತು. 2016ರ ಜುಲೈ 18ರಂದು ಸುಪ್ರೀಂ ಕೋರ್ಟ್ ಅದರ ಬಹುಪಾಲು ಶಿಫಾರಸುಗಳನ್ನು ಒಪ್ಪಿತು. ಎಪ್ಪತ್ತು ದಾಟಿದವರು ಪದಾಧಿಕಾರಿ ಆಗುವಂತಿಲ್ಲ. ಮಂತ್ರಿಗಳು, ಸರ್ಕಾರಿ ಅಧಿಕಾರಿಗಳು ಕುರ್ಚಿ ಹಿಡಿಯುವಂತಿಲ್ಲ. ಅವಧಿಗೆ ಮಿತಿ ಇರಬೇಕು, ನಡುವೆ ಬಿಡುವು ತೆಗೆದುಕೊಳ್ಳಬೇಕು. ದೂರು ಕೇಳಲು ಒಂಬುಡ್ಸ್‌ಮನ್ ಇರಬೇಕು. ಒಬ್ಬನೇ ಎರಡು ದೋಣಿಯಲ್ಲಿ ಕಾಲಿಡುವ ಹಿತಾಸಕ್ತಿ ಸಂಘರ್ಷ ಇರಬಾರದು. ರಾಜ್ಯ ಸಂಸ್ಥೆಗಳೂ ಇದಕ್ಕೆ ತಕ್ಕಂತೆ ನಿಯಮಾವಳಿ ಬದಲಿಸಿಕೊಳ್ಳಬೇಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯ ಬಿಡುವಿನ ನಿಯಮವನ್ನು ಸಡಿಲಿಸಿತು. ರಾಜ್ಯ ಸಂಸ್ಥೆಯಲ್ಲಿ ಸತತ ಎರಡು ಅವಧಿ, ಬಿಸಿಸಿಐನಲ್ಲಿ ಎರಡು ಅವಧಿ ಈಗ ಸಾಧ್ಯ.

ನಿಯಮ ಬಂದಿದೆ. ಆದರೆ ಕೆಎಸ್‌ಸಿಎ ಚುನಾವಣೆಯಲ್ಲಿ ಮತ ಹಾಕುವವರು ಅದರ ಸದಸ್ಯರು ಮತ್ತು ಸದಸ್ಯ ಕ್ಲಬ್‌ಗಳು ಮಾತ್ರ. 2011ರ ಜನಗಣತಿಯ ಪ್ರಕಾರವೇ ಆರು ಕೋಟಿಗೂ ಹೆಚ್ಚು ಜನರಿರುವ ರಾಜ್ಯದ ತಂಡವನ್ನು ಒಂದು ಚಿಕ್ಕ ಮತದಾರರ ಪಟ್ಟಿ ನಡೆಸುತ್ತದೆ. ಮತ ಇಲ್ಲದವರಿಗೆ ಉಳಿಯುವುದು ಪ್ರಶ್ನೆ ಕೇಳುವ ಹಕ್ಕು. ಅದೂ ಸುಲಭವಲ್ಲ. ಬಿಸಿಸಿಐಯನ್ನು ಮಾಹಿತಿ ಹಕ್ಕು ಕಾಯ್ದೆಯೊಳಗೆ ತರಬೇಕೆಂದು ಕಾನೂನು ಆಯೋಗ 2018ರಲ್ಲಿ ಶಿಫಾರಸು ಮಾಡಿತ್ತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಾಹಿತಿ ಹಕ್ಕನ್ನು ಸರ್ಕಾರದ ನೆರವು ಪಡೆಯುವ ಕ್ರೀಡಾ ಸಂಸ್ಥೆಗಳಿಗೆ ಸೀಮಿತಗೊಳಿಸಿತು. ತನ್ನ ದುಡ್ಡನ್ನು ತಾನೇ ದುಡಿಯುವ ಕ್ರಿಕೆಟ್ ಹೊರಗೇ ಉಳಿಯಿತು. ಆದರೆ ದುಡ್ಡು ಎಲ್ಲಿಂದ ಬಂತು? ನಾವು ಕೊಂಡ ಟಿಕೆಟ್‌ನಿಂದ, ನಾವು ನೋಡಿದ ಟಿ.ವಿ.ಯಿಂದ. ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವುದೂ ಸರ್ಕಾರ ಗುತ್ತಿಗೆಗೆ ಕೊಟ್ಟ ನೆಲದ ಮೇಲೆ.

ಜೂನ್ 4

ಈ ವಿಷಯ ಬರೆಯುವಾಗ 2025ರ ಜೂನ್ 4ನ್ನು ಬಿಟ್ಟು ಮುಂದೆ ಹೋಗಲಾಗದು. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು ಆರು ರನ್‌ಗಳಿಂದ ಸೋಲಿಸಿ ಹದಿನೆಂಟು ವರ್ಷಗಳ ನಂತರ ಮೊದಲ ಸಲ ಐಪಿಎಲ್ ಗೆದ್ದಿತ್ತು. ನಮ್ಮ ರಸ್ತೆಯಲ್ಲಿ ರಾತ್ರಿ ಎರಡರವರೆಗೂ ಪಟಾಕಿ. ಮರುದಿನ ಚಿನ್ನಸ್ವಾಮಿಯಲ್ಲಿ ಸನ್ಮಾನ. ಸುಮಾರು ಮೂವತ್ತೈದು ಸಾವಿರ ಜನ ಹಿಡಿಯುವ ಕ್ರೀಡಾಂಗಣದ ಬಾಗಿಲಿಗೆ ಲಕ್ಷಗಟ್ಟಲೆ ಜನ ಬಂದರು. ಗೇಟುಗಳ ಬಳಿ ಕಾಲ್ತುಳಿತವಾಯಿತು. ಹನ್ನೊಂದು ಮಂದಿ ಸತ್ತರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಶಾಲೆಗೆ ಹೋಗುವವರಿದ್ದರು, ಕಾಲೇಜಿಗೆ ಹೋಗುವವರಿದ್ದರು, ಆಗತಾನೇ ಕೆಲಸಕ್ಕೆ ಸೇರಿದವರಿದ್ದರು. ಈ ಪುಟ ಓದುವ ನಮ್ಮದೇ ವಯಸ್ಸಿನವರು.

ಪಕ್ಕದ ಮನೆಯ ಆ ಹುಡುಗನೂ ಗೆಳೆಯರ ಜೊತೆ ಮೆಟ್ರೊ ಹತ್ತಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಅಂದು ಸಂಜೆ ಜನಸಂದಣಿಯಿಂದಾಗಿ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸಲಿಲ್ಲ. ಹುಡುಗರು ಎಲ್ಲೋ ಮುಂದೆ ಇಳಿದು, ದಾರಿ ಕಾಣದೆ ವಾಪಸ್ ಬಂದರು. ಆ ಹೊತ್ತಿಗೆ ಟಿ.ವಿ.ಯಲ್ಲಿ ಸುದ್ದಿ ಬರುತ್ತಿತ್ತು. ಅಕ್ಕ ಕೆಲಸದ ಬಟ್ಟೆಯಲ್ಲೇ ದೀಪಾಂಜಲಿ ನಗರ ನಿಲ್ದಾಣದ ಮೆಟ್ಟಿಲ ಕೆಳಗೆ ನಿಂತು ಇಳಿದು ಬರುವ ಪ್ರತಿ ಮುಖವನ್ನೂ ನೋಡುತ್ತಿದ್ದರು. ನಾನೂ ಅವರ ಜೊತೆ ನಿಂತಿದ್ದೆ. ಹುಡುಗ ಬಂದಾಗ ಅವರು ಮೊದಲು ಹೊಡೆದರು, ಆಮೇಲೆ ಅತ್ತರು. ಹನ್ನೊಂದು ಮನೆಗಳಿಗೆ ಆ ಅವಕಾಶವೂ ಸಿಗಲಿಲ್ಲ.

ಕೆಎಸ್‌ಸಿಎಯ ಕಾರ್ಯದರ್ಶಿ ಮತ್ತು ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಆಯೋಗ, ಈ ಕ್ರೀಡಾಂಗಣದ ವಿನ್ಯಾಸ ದೊಡ್ಡ ಜನಸಂದಣಿಯ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ ಎಂದು ವರದಿ ಕೊಟ್ಟಿತು. ಫ್ರಾಂಚೈಸ್, ಕಾರ್ಯಕ್ರಮ ಆಯೋಜಕರು, ಸಂಸ್ಥೆ, ಪೊಲೀಸರು ಇವರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ನನ್ನ ಮಾತು ಅದಕ್ಕಿಂತ ಸರಳ. ಮದುವೆ ಮನೆಗೆ ಛತ್ರ ಕೊಡುವವರೂ ‘ಎಷ್ಟು ಜನ ಬರ್ತಾರೆ, ಹಿಂದಿನ ಬಾಗಿಲು ತೆರೆದಿರುತ್ತಾ’ ಎಂದು ಕೇಳುತ್ತಾರೆ. ಮೈದಾನದ ಬೀಗದ ಕೈ ಇಟ್ಟುಕೊಂಡವರು ‘ಕಾರ್ಯಕ್ರಮ ನಮ್ಮದಲ್ಲ’ ಎಂದು ಹೇಳಿ ಮುಗಿಸುವಂತಿಲ್ಲ. ಒಳಗೆ ಬರುವವನ ಜೀವವೂ ಆ ಕೀಲಿಯ ಜೊತೆಗೇ ಬರುತ್ತದೆ.

ಇದರ ಬೆಲೆಯನ್ನು ಇನ್ನೂ ಕೆಲವರು ತೆತ್ತರು. ಆ ವರ್ಷದ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಚಿನ್ನಸ್ವಾಮಿಯಲ್ಲಿ ನಡೆಯಬೇಕಿತ್ತು. ಅವನ್ನು ನವಿ ಮುಂಬೈಗೆ ಸ್ಥಳಾಂತರಿಸಲಾಯಿತು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಎತ್ತಿದ್ದು ಅಲ್ಲಿಯೇ. ಭಾರತ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ ಶಾಂತಾ ರಂಗಸ್ವಾಮಿ ನಮ್ಮ ಬೆಂಗಳೂರಿನವರು. 1976ರಲ್ಲಿ ಪಟ್ನಾದಲ್ಲಿ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟವರೂ ಅವರೇ. ಕಾಯ್ದಿರಿಸದ ಬೋಗಿಯಲ್ಲಿ ಪ್ರಯಾಣ ಮಾಡಿ ಆಡಿದ ತಲೆಮಾರು ಅದು. ಮಹಿಳಾ ಕ್ರಿಕೆಟ್ ಬಿಸಿಸಿಐ ಒಳಗೆ ಸೇರಿದ್ದು 2006ರಲ್ಲಿ. ಆಮೇಲೆ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ ಫೈನಲ್‌ನಲ್ಲಿ ಆಡಿದರು. ಇಷ್ಟೆಲ್ಲ ಮಾಡಿದ ರಾಜ್ಯದ ಹುಡುಗಿಯರಿಗೆ ತಮ್ಮೂರಲ್ಲೇ ವಿಶ್ವಕಪ್ ನೋಡುವ ಭಾಗ್ಯ ತಪ್ಪಿತು. ಆಡಳಿತ ಎಡವಿದರೆ ಪೆಟ್ಟು ಬೀಳುವುದು ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಅಲ್ಲ.

ವಿಶ್ವನಾಥ್ ಕಲಿಸಿದ ಪಾಠ

ಮೌಲ್ಯ ಎಂದರೆ ಗೋಡೆಗೆ ನೇತುಹಾಕುವ ಫಲಕವಲ್ಲ. 1980ರ ಫೆಬ್ರುವರಿಯಲ್ಲಿ ಬಾಂಬೆಯಲ್ಲಿ ನಡೆದ ಜುಬಿಲಿ ಟೆಸ್ಟ್‌ನಲ್ಲಿ ಭಾರತದ ನಾಯಕ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ ಕಷ್ಟದಲ್ಲಿತ್ತು. ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಬಾಲ್ ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್‌ಗೆ ಅನಿಸಿತು. ಅವರು ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಇಯಾನ್ ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆ ಪಂದ್ಯದ ಫಲಿತಾಂಶ ಈಗ ಎಷ್ಟು ಜನರಿಗೆ ನೆನಪಿದೆಯೋ, ವಿಶ್ವನಾಥ್ ಮಾಡಿದ್ದು ಮಾತ್ರ ಎಲ್ಲರ ಬಾಯಲ್ಲಿದೆ.

ಆಟಗಾರ ಮಾಡಿದ್ದನ್ನು ಆಡಳಿತವೂ ಮಾಡಬೇಕು. ತನಗೆ ಲಾಭವಾಗುವ ತಪ್ಪು ಕಂಡರೂ ತಿದ್ದಿಕೊಳ್ಳಬೇಕು. ಇದಕ್ಕೆ ಪರೀಕ್ಷೆ ಬಂದದ್ದುಂಟು. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್, ಜಿಲ್ಲೆಗಳ ಹುಡುಗರಿಗೆ ಒಳ್ಳೆಯ ವೇದಿಕೆಯಾಗಿತ್ತು. 2019ರಲ್ಲಿ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರು ಸಿಸಿಬಿ ಪೊಲೀಸರು ಬಂಧನಗಳನ್ನು ಮಾಡಿದರು. ಲೀಗ್ ನಿಂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಹೆಸರಿನಲ್ಲಿ ಹೊಸ ಟೂರ್ನಿ ಬರುವವರೆಗೆ ಆ ವೇದಿಕೆ ಇರಲಿಲ್ಲ. ಆ ನಡುವೆ ವಯಸ್ಸು ಮೀರಿದ ಹುಡುಗರಿಗೆ ಹೋದ ವರ್ಷಗಳನ್ನು ಯಾರು ತಂದುಕೊಡುತ್ತಾರೆ?

ವಯಸ್ಸಿನ ಮೋಸ ಇನ್ನೊಂದು. ಹದಿನಾರರೊಳಗಿನ ತಂಡಕ್ಕೆ ಹದಿನೆಂಟರವನು ನುಗ್ಗಿದರೆ ಹದಿನಾಲ್ಕರ ಹುಡುಗನ ಜಾಗ ಹೋಗುತ್ತದೆ. ಅದಕ್ಕೇ ಬಿಸಿಸಿಐ ಮೂಳೆಯ ಬೆಳವಣಿಗೆ ನೋಡಿ ವಯಸ್ಸು ಅಳೆಯುವ ಟಿಡಬ್ಲ್ಯು3 ಪರೀಕ್ಷೆ ಬಳಸುತ್ತದೆ. ಸುಳ್ಳು ಜನನ ಪತ್ರ ಮಾಡಿಸುವ ಅಪ್ಪ ಅಮ್ಮಂದಿರೂ ಇದರಲ್ಲಿ ಪಾಲುದಾರರೇ. ಸಂಸ್ಥೆಯನ್ನು ಬೈಯುವ ಮೊದಲು ನಾವೂ ಕನ್ನಡಿ ನೋಡಿಕೊಳ್ಳಬೇಕು. ಅಡ್ಡದಾರಿಯಲ್ಲಿ ನಮ್ಮವನಿಗೊಂದು ಜಾಗ ಸಿಗಲಿ ಎನ್ನುವವರೇ ‘ಎಲ್ಲಾ ಇನ್‌ಫ್ಲುಯೆನ್ಸ್’ ಎಂದು ಗೊಣಗುತ್ತೇವೆ.

ಹನ್ನೊಂದು ಜನರಾಚೆ

ಕೆಲಸ ಹುಡುಕುವ ನಮಗೆ ಇದರಲ್ಲಿ ಇನ್ನೊಂದು ವಿಷಯವಿದೆ. 2021ರಲ್ಲಿ ಬಿಸಿಸಿಐ ನಿಗದಿ ಮಾಡಿದಂತೆ ರಣಜಿಯಲ್ಲಿ ಆಡುವ ಹನ್ನೊಂದರಲ್ಲಿ ಇರುವವನಿಗೆ, ಅನುಭವ ನೋಡಿಕೊಂಡು, ದಿನಕ್ಕೆ 40ರಿಂದ 60 ಸಾವಿರ ರೂಪಾಯಿ ಪಂದ್ಯ ಶುಲ್ಕ ಸಿಗುತ್ತದೆ. ಕೇಳಲು ಸೊಗಸು. ಆದರೆ ಇಡೀ ರಾಜ್ಯದಿಂದ ಒಂದು ದಿನಕ್ಕೆ ಮೈದಾನಕ್ಕಿಳಿಯುವವರು ಹನ್ನೊಂದೇ ಜನ. ಉಳಿದ ಸಾವಿರಾರು ಹುಡುಗರು ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಕಿಟ್ ಬ್ಯಾಗ್ ಅಟ್ಟಕ್ಕೆ ಹಾಕಿ ಏನು ಮಾಡುತ್ತಾರೆ?

ಕ್ರಿಕೆಟ್ ನಡೆಯಲು ಅಂಪೈರ್ ಬೇಕು, ಸ್ಕೋರರ್ ಬೇಕು, ಪಿಚ್ ಕ್ಯುರೇಟರ್ ಬೇಕು, ಫಿಸಿಯೊ, ಟ್ರೇನರ್, ವಿಡಿಯೊ ಅನಲಿಸ್ಟ್ ಬೇಕು. ಇವು ಪರೀಕ್ಷೆ, ತರಬೇತಿ ಬೇಡುವ ಕೆಲಸಗಳು. ಸುಲಭವೂ ಅಲ್ಲ. 2022ರಲ್ಲಿ ಬಿಸಿಸಿಐ ನಡೆಸಿದ ಒಂದು ಅಂಪೈರ್ ಪರೀಕ್ಷೆಯಲ್ಲಿ ಸುಮಾರು 140 ಅಭ್ಯರ್ಥಿಗಳ ಪೈಕಿ ಪಾಸಾದವರು ಮೂವರು ಮಾತ್ರ. ನಾವು ಬರೆಯುವ ಪರೀಕ್ಷೆಗಳಿಗಿಂತ ಕಡಿಮೆಯೇನಲ್ಲ! ರಾಜ್ಯ ಸಂಸ್ಥೆ ಇಂಥ ಪರೀಕ್ಷೆಗಳ ಮಾಹಿತಿಯನ್ನು ಕನ್ನಡದಲ್ಲಿ, ಕಾಲೇಜುಗಳ ನೋಟಿಸ್ ಬೋರ್ಡಿನವರೆಗೆ ತಲುಪಿಸಿದರೆ, ಕಲಬುರಗಿಯಲ್ಲೂ ಕೊಪ್ಪಳದಲ್ಲೂ ತರಗತಿ ನಡೆಸಿದರೆ, ಆಟಗಾರನಾಗದ ಹುಡುಗನಿಗೂ ಆಟದಲ್ಲೇ ಅನ್ನ ಹುಟ್ಟುತ್ತದೆ. ಏಣಿಯಿಂದ ಇಳಿದವನಿಗೆ ನಿಲ್ಲಲು ಒಂದು ಜಗಲಿ ಬೇಡವೇ?

ನಾವು ಕೇಳಬೇಕಾದದ್ದು

ಆಟಗಾರರು ಆಡಳಿತಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. 2010ರಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿ ಬಂದಾಗ ರಾಜ್ಯವೇ ಹಿಗ್ಗಿತು. ಆಮೇಲೆ ರೋಜರ್ ಬಿನ್ನಿ ಬಂದರು, 2022ರಲ್ಲಿ ಬಿಸಿಸಿಐ ಅಧ್ಯಕ್ಷರೂ ಆದರು. ಅವರ ನಂತರ ರಘುರಾಮ್ ಭಟ್. 2025ರ ಡಿಸೆಂಬರ್‌ನಲ್ಲಿ ವೆಂಕಟೇಶ್ ಪ್ರಸಾದ್. ಎಲ್ಲರೂ ಭಾರತಕ್ಕೆ ಆಡಿದವರು. ಅವರ ಬಗ್ಗೆ ಗೌರವ ಇದೆ. ಆದರೆ ಜೂನ್ 4ರಂದು ಸಂಸ್ಥೆಯ ಅಧ್ಯಕ್ಷರಾಗಿದ್ದವರೂ ಟೆಸ್ಟ್ ಆಟಗಾರರೇ. ಒಳ್ಳೆಯ ಹೆಸರು ಒಳ್ಳೆಯ ಪದ್ಧತಿಗೆ ಬದಲಿಯಾಗುವುದಿಲ್ಲ. ಪದ್ಧತಿ ಗಟ್ಟಿಯಿದ್ದರೆ ಯಾರು ಕುರ್ಚಿಯಲ್ಲಿದ್ದರೂ ಕೆಲಸ ನಡೆಯುತ್ತದೆ.

ಹಾಗಾದರೆ ಏನು ಕೇಳಬೇಕು? ಆಯ್ಕೆ ಟ್ರಯಲ್ಸ್ ಎಲ್ಲಿ, ಯಾವಾಗ ಎಂದು ಎಲ್ಲರಿಗೂ ಕನ್ನಡದಲ್ಲಿ ಮೊದಲೇ ತಿಳಿಯಲಿ. ಯಾರನ್ನು ಆರಿಸಿದರು, ಅವರ ರನ್, ವಿಕೆಟ್ ಎಷ್ಟು ಎಂದು ಪ್ರಕಟವಾಗಲಿ. ಪಾಲಿಕೆ ಮತ್ತು ಸರ್ಕಾರಿ ಶಾಲೆಗಳ ಮೈದಾನಗಳಲ್ಲಿ ಸಂಸ್ಥೆ ಪಿಚ್ ಹಾಕಿಕೊಡಲಿ, ಕಿಟ್ ಇಲ್ಲದ ಮಕ್ಕಳಿಗೆ ಎರವಲು ಕಿಟ್ ಸಿಗಲಿ. ಪ್ರತಿ ದೊಡ್ಡ ಪಂದ್ಯಕ್ಕೂ ಮೊದಲು ಗೇಟು, ದಾರಿ, ಆಂಬುಲೆನ್ಸ್‌ನ ಯೋಜನೆ ಜನರ ಮುಂದಿರಲಿ. ಇದಕ್ಕೆಲ್ಲ ಹೊಸ ಕಾನೂನೇನೂ ಬೇಕಿಲ್ಲ, ಮನಸ್ಸು ಬೇಕು. ನಾವು ಕೇಳುತ್ತಲೇ ಇರಬೇಕು, ಪಂದ್ಯದ ದಿನ ಮಾತ್ರ ಕಿರುಚಿ ಉಳಿದ ದಿನ ಸುಮ್ಮನಿದ್ದರೆ ಆಗದು.

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿ ನನಗೆ ತಿಳಿದದ್ದನ್ನು ಹೇಳಿದೆ. ‘ಅಕ್ಕ, ಅವನನ್ನು ಲೆಕ್ಕಕ್ಕೆ ತಗೊಳ್ಳೋದು ಅವರ ಕರ್ತವ್ಯ, ಉಪಕಾರ ಅಲ್ಲ. ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ. ಆದರೆ ಆಡಲಿ. ಶಾಲೆ ಮಾತ್ರ ಬಿಡಬಾರದು. ಮೊದಲು ಅವನ ಶಾಲೆ ಯಾವ ಟೂರ್ನಿಗೆ ತಂಡ ಕಳಿಸುತ್ತೆ ಅಂತ ಹೆಡ್‌ಮಾಸ್ಟರ್‌ನ ಕೇಳಿ. ಬೇಕಾದರೆ ನಾನೂ ಬರ್ತೀನಿ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೋಮವಾರ ಅರ್ಧ ದಿನ ರಜೆ ಕೇಳ್ತೀನಿ’ ಎಂದರು.

ಹೊರಗೆ ರಸ್ತೆಯಲ್ಲಿ ಆಟ ನಡೆದಿತ್ತು. ಬ್ಯಾಟ್ ಬೇರೆ ಯಾರದ್ದೋ. ಬಾಲ್ ಮಾತ್ರ ಅಕ್ಕನ ಮಗನ ಎಡಗೈಯಲ್ಲಿತ್ತು. ಈ ಓವರ್ ಅವನಿಗೆ ಸಿಕ್ಕಿತ್ತು. ಮುಂದಿನದೂ ಸಿಗುವಂತೆ ನೋಡಿಕೊಳ್ಳುವುದು ಕುರ್ಚಿಯಲ್ಲಿ ಕೂತವರ ಕೆಲಸ. ಅವರು ಅದನ್ನು ಮರೆಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.